ಮೂರನೇ ದಿನ ಗುದ್ದಲಿ ಕೊಡಿ

ಆಫ್ರಿಕಾದಲ್ಲಿ ದುಡಿಯುವ ಮಕ್ಕಳ ಮನೆಗೆ ಅಪ್ಪ-ಅವ್ವ ಬರುವ ಮೊದಲು ಮಾಡಿಟ್ಟುಕೊಳ್ಳಬೇಕಾದ್ದು

ಅವ್ವ ಬಂದ ಮೊದಲ ರಾತ್ರಿ ಮೂರು ಗಂಟೆಗೇ ಎದ್ದು ಅಡುಗೆಮನೆಯಲ್ಲಿ ಕಡ್ಡಿಪೆಟ್ಟಿಗೆ ತಡಕಾಡುತ್ತಿದ್ದಳು. ಅವಳ ಮೈಯ ಲೆಕ್ಕದಲ್ಲಿ ಅದು ಮೂರಲ್ಲ, ಐದೂವರೆ. ತಾಂಜಾನಿಯಾ ಭಾರತಕ್ಕಿಂತ ಎರಡೂವರೆ ತಾಸು ಹಿಂದೆ. ಹಾವೇರಿ ಕಡೆಯ ಹಳ್ಳಿಯಲ್ಲಿ ನಲವತ್ತು ವರ್ಷ ನಸುಕಿನಲ್ಲೇ ಒಲೆ ಹಚ್ಚಿದ ಕೈ, ವಿಮಾನ ಹತ್ತಿ ಇಳಿದ ಮಾತ್ರಕ್ಕೆ ಸುಮ್ಮನಿರಲಿಲ್ಲ. ಅಪ್ಪನೂ ಎದ್ದು ಹೊರಬಾಗಿಲು ತೆಗೆದ. ರಾತ್ರಿ ಕಾವಲಿನವನ ಟಾರ್ಚಿನ ಬೆಳಕು ನೇರ ಮುಖಕ್ಕೆ ಬಿತ್ತು. ನಾನು ಓಡಿ ಹೋಗುವಷ್ಟರಲ್ಲಿ ಕಾವಲಿನವ ತಲೆಬಾಗಿಸಿ ಏನೋ ಹೇಳುತ್ತಿದ್ದ, ಅಪ್ಪ ಗಾಬರಿಯಲ್ಲಿ ಕೈಮುಗಿದು ನಿಂತಿದ್ದ.

ದೊಡೊಮಾ ಪಟ್ಟಣದಿಂದ ಒಂದು ತಾಸಿನ ದಾರಿಯಲ್ಲಿರುವ ಮಿಷನ್ ಆಸ್ಪತ್ರೆಯೊಂದರ ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳುವುದು ನನ್ನ ಕೆಲಸ. ಏಳು ವರ್ಷದಲ್ಲಿ ಅಪ್ಪ-ಅವ್ವ ಎರಡು ಸಲ ಬಂದು ಹೋದರು. ಮೊದಲ ಸಲದ್ದು ಕೆಟ್ಟಿತು. ಹನ್ನೆರಡು ದಿನದಲ್ಲಿ ಐದು ಊರು ತಿರುಗಿಸಿದೆ. ಆನೆ, ಸಿಂಹ, ಸಮುದ್ರ ಎಲ್ಲ ಆಯಿತು. ಹೊರಡುವ ದಿನ ಪೆಟ್ಟಿಗೆಯ ಮೇಲೆ ಕೂತು ಅಪ್ಪ ಹೇಳಿದ: “ಎಲ್ಲಾ ನೋಡಿದ್ವಿ ಖರೆ, ನೀ ಇಲ್ಲಿ ಹೆಂಗ ಇರ್ತಿ ಅನ್ನೋದೊಂದು ಕಾಣಲಿಲ್ಲ ನೋಡವಾ.”

ಸ್ವಾಹಿಲಿಯಲ್ಲಿ ಒಂದು ಗಾದೆ ಇದೆ. ನೆಂಟ ಎರಡು ದಿನ ನೆಂಟ, ಮೂರನೇ ದಿನ ಕೈಗೆ ‘ಜೆಂಬೆ’ ಕೊಡು. ಜೆಂಬೆ ಎಂದರೆ ಗುದ್ದಲಿ. ಈ ಊರಿನವರು ಇದನ್ನು ನಗುತ್ತ ಹೇಳುತ್ತಾರೆ, ಆದರೆ ಮಾತು ಗಟ್ಟಿಯಾದದ್ದು. ಎರಡನೇ ಸಲ ನಾನು ಅದನ್ನೇ ಹಿಡಿದು ನಡೆದೆ. ಇಥಿಯೋಪಿಯದಲ್ಲಿ ಪಾಠ ಮಾಡುವವರು, ಮಲಾವಿಯಲ್ಲಿ ಕೊಳವೆಬಾವಿ ಕೊರೆಸುವವರು, ರುವಾಂಡದ ಆಸ್ಪತ್ರೆಗಳಲ್ಲಿ ಇರುವವರು, ನಮ್ಮ ಕಡೆಯ ಎಷ್ಟೋ ಮಂದಿ ಹೀಗೆ ಊರಿನವರನ್ನು ಕರೆಸಿಕೊಳ್ಳುತ್ತಾರೆ. ನಾನು ಹೇಳುವುದು ತಾಂಜಾನಿಯಾದ ಮಾತು. ಕಾಗದ-ಪತ್ರದ ನಿಯಮ ದೇಶದಿಂದ ದೇಶಕ್ಕೆ ಬೇರೆ, ಮನೆಯೊಳಗಿನ ಮಾತು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ.

ಮೊದಲು ತಿಂಗಳು ಆರಿಸಿ

ಏಪ್ರಿಲ್-ಮೇ ರಜೆ ಎಂದು ಕಣ್ಣುಮುಚ್ಚಿ ಟಿಕೆಟ್ ತೆಗೆಯಬೇಡಿ. ನಾನು ಮೊದಲ ಸಲ ಮಾಡಿದ್ದು ಅದೇ. ಮಾರ್ಚ್‌ನಿಂದ ಮೇ ತನಕ ತಾಂಜಾನಿಯಾದ ಕರಾವಳಿಯಲ್ಲಿ ‘ಮಸಿಕಾ’ ಎಂಬ ದೊಡ್ಡ ಮಳೆ. ದಾರ್ ಎಸ್ ಸಲಾಮ್‌ನ ರಸ್ತೆಗಳು ಕೆರೆಯಾಗುತ್ತವೆ. ತಿರುಗಾಟಕ್ಕೆ ಹದವಾದದ್ದು ಜೂನ್‌ನಿಂದ ಅಕ್ಟೋಬರ್. ಆದರೆ ಒಕ್ಕಲುತನದ ಮನೆಯ ಹಿರಿಯರಿಗೆ ಆಗ ಮುಂಗಾರು ಬಿತ್ತನೆ, ಕಳೆ, ಕೊಯ್ಲು. ನಮ್ಮಪ್ಪ ಹೊಲ ಬಿಟ್ಟು ಬರುವ ಮನುಷ್ಯನೇ ಅಲ್ಲ. ಹಾಗಾಗಿ ಎರಡನೇ ಸಲ ಸಂಕ್ರಾಂತಿ ಮುಗಿಸಿಕೊಂಡು ಫೆಬ್ರುವರಿಯಲ್ಲಿ ಬಂದರು. ದೊಡೊಮಾ ಕಡೆ ವರ್ಷಕ್ಕೆ ಒಂದೇ ಮಳೆಗಾಲ, ಡಿಸೆಂಬರ್‌ನಿಂದ ಏಪ್ರಿಲ್. ಫೆಬ್ರುವರಿಯಲ್ಲಿ ಜೋಳ, ಸಜ್ಜೆ, ಸೂರ್ಯಕಾಂತಿ ಎದೆಯೆತ್ತರ ನಿಂತಿರುತ್ತವೆ. ಕೆಸರಿದೆ, ಸೊಳ್ಳೆ ಜಾಸ್ತಿ, ನಿಜ. ಅಪ್ಪನಿಗೆ ಮಾತ್ರ ಸಿಂಹಕ್ಕಿಂತ ಆ ಹೊಲವೇ ಹೆಚ್ಚಾಯಿತು. ಬರುವವರು ಯಾರು ಎಂದು ನೋಡಿ ತಿಂಗಳು ಗೊತ್ತುಮಾಡಿ.

ನಿಮ್ಮ ರಜೆಯನ್ನೂ ಪೂರ್ತಿ ಅವರಿಗೇ ಸುರಿಯಬೇಡಿ. ಮೂರು ವಾರಕ್ಕೆ ಬಂದರೆ ಒಂದು ವಾರವಾದರೂ ನೀವು ಕೆಲಸಕ್ಕೆ ಹೋಗುವ ವಾರವಾಗಿರಲಿ. ಯಾಕೆಂದು ಮುಂದೆ ಹೇಳುತ್ತೇನೆ.

ಕಾಗದ-ಪತ್ರ

ಪಾಸ್‌ಪೋರ್ಟ್‌ಗೆ ಆರು ತಿಂಗಳ ಆಯಸ್ಸಾದರೂ ಉಳಿದಿರಬೇಕು. ಭಾರತೀಯರಿಗೆ ಪ್ರವಾಸಿ ವೀಸಾ ಆನ್‌ಲೈನ್‌ನಲ್ಲೇ ಸಿಗುತ್ತದೆ, ಶುಲ್ಕ 50 ಡಾಲರ್. ಹುಡುಕಿದರೆ ಸರ್ಕಾರಿ ತಾಣದಂತೆಯೇ ಕಾಣುವ ದಲ್ಲಾಳಿ ತಾಣಗಳು ಮೊದಲು ಬರುತ್ತವೆ, ದುಪ್ಪಟ್ಟು ಹಣ ಕೀಳುತ್ತವೆ. ವಿಳಾಸದ ಕೊನೆಯಲ್ಲಿ ‘ಗೋ ಡಾಟ್ ಟಿಜೆಡ್’ ಇದೆಯೇ ಎಂದು ನೋಡಿಯೇ ಕಾರ್ಡಿನ ಸಂಖ್ಯೆ ಹಾಕಿ. ಅರ್ಜಿಯನ್ನು ಅವರ ಕೈಗೆ ಬಿಡಬೇಡಿ, ನೀವೇ ತುಂಬಿ. ನಿಮ್ಮ ಆಹ್ವಾನ ಪತ್ರ, ವಾಸದ ಪರವಾನಗಿಯ ಪ್ರತಿ, ಹಿಂದಿರುಗುವ ಟಿಕೆಟ್, ಮೂರನ್ನೂ ಮುದ್ರಿಸಿ ಅವರ ಕೈಚೀಲದಲ್ಲಿ ಇಡಿಸಿ. ಫೋನಿನಲ್ಲಿದೆ ಎಂದರೆ ಸಾಲದು. ವಲಸೆ ಕಟ್ಟೆಯ ಮುಂದೆ ಫೋನಿನ ಚಾರ್ಜು ಸತ್ತಿರುತ್ತದೆ.

ಒಂದು ಎಚ್ಚರಿಕೆ. ಪ್ರವಾಸಿ ವೀಸಾದಲ್ಲಿ ಬಂದವರು ಕೆಲಸ ಮಾಡುವಂತಿಲ್ಲ, ಸಂಬಳವಿಲ್ಲದ ಸೇವೆಗೂ ಪರವಾನಗಿ ಬೇಕು. “ನಮ್ಮಣ್ಣ ಡಾಕ್ಟರು, ಬಂದಾಗ ನಾಲ್ಕು ದಿನ ವಾರ್ಡು ನೋಡಲಿ” ಎಂಬ ಒಳ್ಳೆಯ ಮನಸ್ಸು ನಿಮ್ಮನ್ನೂ ಸಂಸ್ಥೆಯನ್ನೂ ತೊಂದರೆಗೆ ಸಿಕ್ಕಿಸುತ್ತದೆ. ನಾನು ಹೇಳುವ ಗುದ್ದಲಿ ಮನೆಯಂಗಳದ ಗುದ್ದಲಿ.

ಜಂಜಿಬಾರ್ ದ್ವೀಪಕ್ಕೂ ಹೋಗುವುದಿದ್ದರೆ 2024ರ ಅಕ್ಟೋಬರ್‌ನಿಂದ ಅಲ್ಲಿಯದೇ ವಿಮೆ ಕಡ್ಡಾಯ, ದೊಡ್ಡವರಿಗೆ 44 ಡಾಲರ್. ಊರಿನಲ್ಲಿ ಮಾಡಿಸಿದ ಪ್ರವಾಸ ವಿಮೆ ಇದ್ದರೂ ಇದನ್ನು ಬೇರೆ ಕೊಳ್ಳಬೇಕು. ಊರಿನ ವಿಮೆ ಮಾತ್ರ ಬಿಡಬೇಡಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವುದನ್ನು ಮುಚ್ಚಿಡದೆ ಬರೆಸಿ, ವಿಮಾನದಲ್ಲಿ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯೇ ಎಂದು ಓದಿ.

ಡಾಲರ್ ನೋಟು ತರುವುದಾದರೆ ಹೊಸವು, ಮಡಿಕೆಯಿಲ್ಲದವು ಇರಲಿ. ಹಳೆಯ ವರ್ಷದ ನೋಟುಗಳನ್ನು ಪೂರ್ವ ಆಫ್ರಿಕಾದ ಬಹಳಷ್ಟು ಕಡೆ ಮುಟ್ಟುವುದೇ ಇಲ್ಲ, ನೂರರ ನೋಟಿಗೆ ಚಿಲ್ಲರೆ ನೋಟಿಗಿಂತ ಒಳ್ಳೆಯ ದರ ಸಿಗುತ್ತದೆ.

ಸೂಜಿ, ಗುಳಿಗೆ

ಇದು ನನ್ನ ಕಸುಬಿನ ಮಾತು, ಹಾಗಾಗಿ ಸ್ವಲ್ಪ ಬಿಗಿಯಾಗಿಯೇ ಹೇಳುತ್ತೇನೆ.

ಹಳದಿ ಜ್ವರದ ಲಸಿಕೆ ಬೇಕೇ ಬೇಡವೇ ಎಂಬುದು ಬರುವ ದಾರಿಯ ಮೇಲೆ ನಿಂತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ತಾಂಜಾನಿಯಾದಲ್ಲಿ ಈ ಜ್ವರದ ಅಪಾಯ ಕಡಿಮೆ. ಕೀನ್ಯಾ, ಉಗಾಂಡಾ, ಇಥಿಯೋಪಿಯ ಅಪಾಯದ ಪಟ್ಟಿಯಲ್ಲಿವೆ. ಅಡಿಸ್ ಅಬಾಬಾದಲ್ಲೋ ನೈರೋಬಿಯಲ್ಲೋ ಹೆಚ್ಚು ಹೊತ್ತು ತಂಗಿ ಬರುವವರಿಂದ ಇಲ್ಲಿ ಲಸಿಕೆಯ ಹಳದಿ ಕಾರ್ಡು ಕೇಳುತ್ತಾರೆ. ಹಿಂದಿರುಗಿದಾಗ ಭಾರತದಲ್ಲೂ ಕೇಳುತ್ತಾರೆ, ಇಲ್ಲದಿದ್ದರೆ ಪ್ರತ್ಯೇಕ ಇರಿಸುವ ಅಧಿಕಾರ ಅವರಿಗಿದೆ. ಈ ಲಸಿಕೆ ಎಲ್ಲ ಆಸ್ಪತ್ರೆಯಲ್ಲಿ ಸಿಗದು, ಕೇಂದ್ರ ಆರೋಗ್ಯ ಸಚಿವಾಲಯ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ. ಮೊದಲೇ ಸರದಿ ಹಿಡಿಯಬೇಕು. ಚುಚ್ಚಿಸಿಕೊಂಡ 10 ದಿನದ ನಂತರವೇ ಕಾರ್ಡಿಗೆ ಬೆಲೆ. 2016ರಿಂದ ಒಂದು ಸಲದ ಲಸಿಕೆಗೆ ಜೀವನಪೂರ್ತಿ ಮಾನ್ಯತೆ. ಆದರೆ 60 ದಾಟಿದವರಲ್ಲಿ ಅಪರೂಪಕ್ಕೆ ತೀವ್ರ ಅಡ್ಡಪರಿಣಾಮ ಕಾಣಿಸಿಕೊಳ್ಳುವುದುಂಟು. ಹಿರಿಯರಿಗೆ ‘ಇರಲಿ ಎಂದು’ ಚುಚ್ಚಿಸಬೇಡಿ. ಮುಂಬೈಯಿಂದ ದಾರ್‌ಗೆ ನೇರ ವಿಮಾನವಿದೆ. ಅದರಲ್ಲಿ ಕರೆಸಿದರೆ ಈ ತಲೆನೋವೇ ಬಹುಪಾಲು ತಪ್ಪುತ್ತದೆ. ಟಿಕೆಟ್ ತೆಗೆಯುವ ದಿನ ಎರಡೂ ದೇಶದ ನಿಯಮ ಒಮ್ಮೆ ನೋಡಿಬಿಡಿ.

ಮಲೇರಿಯಾ ಬೇರೆ ಮಾತು. ಇಲ್ಲಿಯದು ಹೆಚ್ಚಾಗಿ ಫಾಲ್ಸಿಪ್ಯಾರಂ ಜಾತಿಯದು, ತಡಮಾಡಿದರೆ ಪ್ರಾಣಕ್ಕೇ ಬರುತ್ತದೆ. “ನಮ್ಮೂರಾಗೂ ಸೊಳ್ಳಿ ಅದಾವ” ಎಂದು ಅಪ್ಪ ವಾದಕ್ಕೆ ನಿಂತಿದ್ದ. ಸೊಳ್ಳೆ ಇದ್ದಾವೆ, ಆ ಸೊಳ್ಳೆ ಹೊತ್ತಿರುವುದು ಬೇರೆ. ತಡೆಗುಳಿಗೆಗಳಲ್ಲಿ ಅಟೋವಕೋನ್-ಪ್ರೊಗ್ವಾನಿಲ್ ಪ್ರಯಾಣದ ಒಂದೆರಡು ದಿನ ಮೊದಲು ಶುರುಮಾಡಿ ಹಿಂದಿರುಗಿದ ಮೇಲೆ 7 ದಿನ ನುಂಗಬೇಕು. ಡಾಕ್ಸಿಸೈಕ್ಲಿನ್ ಅಗ್ಗ, ಆದರೆ ಹಿಂದಿರುಗಿದ ಮೇಲೂ 4 ವಾರ. ಯಾವುದು ಹೊಂದುತ್ತದೆ ಎಂಬುದನ್ನು ಅವರ ಉಳಿದ ಮಾತ್ರೆಗಳ ಚೀಟಿ ನೋಡಿ ವೈದ್ಯರೇ ಹೇಳಲಿ. ಮಲಗುವ ಕೋಣೆಗೆ ಸೊಳ್ಳೆಪರದೆ ಮೊದಲೇ ಕಟ್ಟಿ, ತೂತಿದೆಯೇ ಎಂದು ಹಗಲಲ್ಲಿ ಹಿಡಿದು ನೋಡಿ.

ಇನ್ನು ದಿನದ ಮಾತ್ರೆಗಳು. ಮೊದಲ ಸಲ ಅಪ್ಪನ ರಕ್ತದೊತ್ತಡದ ಗುಳಿಗೆ ಇದ್ದ ಪೆಟ್ಟಿಗೆ ಅವನ ಜತೆ ಬರಲಿಲ್ಲ. ನಾಲ್ಕು ದಿನ ಬಿಟ್ಟು ಬಂತು. ವಿಮಾನ ಸಂಸ್ಥೆಯವರು ನಗುನಗುತ್ತ ಕ್ಷಮೆ ಕೇಳಿದರು. ಆ ನಾಲ್ಕು ದಿನ ನಾನು ಅಪ್ಪನ ತೋಳಿಗೆ ಪಟ್ಟಿ ಸುತ್ತಿ ಅಳೆಯುತ್ತ ಕೂತಿದ್ದೆ. ಅಂದಿನಿಂದ ನಮ್ಮ ಮನೆಯ ಕಾನೂನು: ಇರುವ ದಿನಕ್ಕೆ ಒಂದೂವರೆ ಪಟ್ಟು ಮಾತ್ರೆ, ಎಲ್ಲವೂ ಕೈಚೀಲದಲ್ಲಿ, ವೈದ್ಯರ ಚೀಟಿಯ ಸಮೇತ.

ಪೆಟ್ಟಿಗೆಯಲ್ಲಿ ಏನು, ಏನು ಬೇಡ

ನಮ್ಮವರು ಗಂಟು ಕಟ್ಟುವುದೇ ಪ್ಲಾಸ್ಟಿಕ್ ಕೊಟ್ಟೆಯಲ್ಲಿ. ಶೇಂಗಾ ಚಟ್ನಿ ಒಂದು ಕೊಟ್ಟೆ, ಅದರ ಮೇಲೆ ಇನ್ನೊಂದು ಕೊಟ್ಟೆ, ಸೋರದಿರಲೆಂದು ಮೂರನೆಯದು. ತಾಂಜಾನಿಯಾದಲ್ಲಿ 2019ರ ಜೂನ್ 1ರಿಂದ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧ. ಕೀನ್ಯಾದಲ್ಲಿ 2017ರಿಂದ, ರುವಾಂಡದಲ್ಲಿ 2008ರಿಂದಲೇ ಇದೆ. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಬಿಚ್ಚಿಸಿದರೆ ಚೀಲ ಅಲ್ಲೇ ಬಿಟ್ಟು ಬರಬೇಕು. ಅವ್ವನಿಗೆ ಬಟ್ಟೆಯ ಚೀಲ, ಸ್ಟೀಲ್ ಡಬ್ಬಿ ಎಂದು ಒಂದು ತಿಂಗಳು ಫೋನಿನಲ್ಲಿ ಜಪ ಮಾಡಿಸಿದೆ.

ಬೇಳೆ-ಕಾಳು ಹೊರುವ ಅಗತ್ಯ ಇಲ್ಲವೇ ಇಲ್ಲ. ತೊಗರಿ ಇಲ್ಲಿ ‘ಎಂಬಾಜಿ’, ಹೆಸರು ‘ಚೊರೊಕೊ’, ಅಲಸಂದೆ ‘ಕುಂದೆ’, ಹುಣಸೆ ‘ಉಕ್ವಾಜು’, ತೆಂಗು ‘ನಾಜಿ’. ಎಲ್ಲ ಸಂತೆಯಲ್ಲಿ ಸಿಗುತ್ತವೆ. ಪೂರ್ವ ಆಫ್ರಿಕಾದ ತೊಗರಿ ಹಡಗು ಹತ್ತಿ ಭಾರತಕ್ಕೇ ಹೋಗುತ್ತದೆ. ಅದನ್ನು ಮತ್ತೆ ಹೊತ್ತು ತರುವುದೇಕೆ? ತರಿಸಬೇಕಾದ್ದು ಇಲ್ಲಿ ಸಿಗದ್ದು. ಸಾರಿನ ಪುಡಿ, ಇಂಗು, ಬ್ಯಾಡಗಿ ಮೆಣಸಿನಕಾಯಿ. ಇಲ್ಲಿಯ ಮೆಣಸು ಖಾರಕ್ಕೆ ಬೆಂಕಿ, ಬಣ್ಣಕ್ಕೆ ಸೊನ್ನೆ. ನೆರೆಯವರಿಗೆ, ಜತೆಯಲ್ಲಿ ದುಡಿಯುವವರಿಗೆ ‘ಜವಾದಿ’ ಎಂದರೆ ಸಣ್ಣ ಉಡುಗೊರೆ ಬೇಕಾಗುತ್ತದೆ, ಅದಕ್ಕೆ ಮೈಸೂರು ಸ್ಯಾಂಡಲ್ ಸೋಪು. ಹಗುರ, ಒಡೆಯದು, ಎಲ್ಲರಿಗೂ ಬೇಕು. ಸೋಪಿಗೆ ಸ್ವಾಹಿಲಿಯಲ್ಲಿ ‘ಸಬೂನಿ’ ಎಂದಾಗ ಅವ್ವ “ನಮ್ಮ ಸಾಬೂನು ಮತ್ತ!” ಎಂದು ಖುಷಿಪಟ್ಟಳು.

ಮಿಕ್ಸಿ ತರುವುದಾದರೆ ಒಂದು ಮಾತು. ಇಲ್ಲಿಯ ಪ್ಲಗ್ಗು ಬ್ರಿಟಿಷ್ ಮಾದರಿಯ ಚೌಕ ಮೂರು ಕಡ್ಡಿಯದು, ನಮ್ಮ ದುಂಡು ಕಡ್ಡಿ ಕೂರುವುದಿಲ್ಲ. ಅಡಾಪ್ಟರ್ ನಿಮ್ಮ ಮನೆಯಲ್ಲಿ ಸಿದ್ಧವಿರಲಿ. ಸೇನೆಯ ಮಾದರಿಯ ಮಚ್ಚೆ ಬಟ್ಟೆ ಹಾಕಿಕೊಂಡು ಬರುವಂತಿಲ್ಲ. ಅಪ್ಪ-ಅವ್ವನ ಜತೆ ಬಂದ ಅಣ್ಣನ ಮಗನಿಗೆ ಅಂಥ ಪ್ಯಾಂಟೇ ಪ್ರೀತಿ, ಅದನ್ನು ಮನೆಯಲ್ಲೇ ಬಿಡಿಸಿದೆ.

ಇಳಿದ ದಿನ

ಇಳಿದ ದಿನವೇ ಮನೆಗೆ ಎಳೆದುಕೊಂಡು ಹೋಗಬೇಡಿ. ದಾರ್‌ನಿಂದ ದೊಡೊಮಾ ಸುಮಾರು 450 ಕಿಲೋಮೀಟರ್. ಬಸ್ಸಾದರೆ ಇಡೀ ದಿನದ ಪಯಣ. 2024ರಲ್ಲಿ ವಿದ್ಯುತ್ ರೈಲು ಶುರುವಾದ ಮೇಲೆ ನಾಲ್ಕು ತಾಸಿನ ಆಸುಪಾಸಿಗೆ ಬಂದುಬಿಟ್ಟಿದೆ. ಟಿಕೆಟ್ ಮೊದಲೇ ತೆಗೆದಿಡಿ, ಪಾಸ್‌ಪೋರ್ಟ್ ವಿವರ ಬೇಕು. ಆದರೂ ಒಂದು ರಾತ್ರಿ ದಾರ್‌ನಲ್ಲೇ ನಿಲ್ಲಿಸಿ. ಉಪಾಂಗಾ, ಕಿಸುಟು ಕಡೆ ಗುಜರಾತಿ ಊಟ, ದೇವಸ್ಥಾನ ಎಲ್ಲ ಇವೆ. ಬಿಸಿ ಅನ್ನ-ದಾಲ್ ಉಂಡು ಮಲಗಿ ಎದ್ದವರಿಗೆ ಮರುದಿನದ ಆಫ್ರಿಕಾ ಅಷ್ಟು ಹೊಸದೆನಿಸುವುದಿಲ್ಲ.

ದೊಡ್ಡ ನಿಲ್ದಾಣಗಳಲ್ಲಿ ವಿಮಾನ ಬದಲಿಸಬೇಕಿದ್ದರೆ ಟಿಕೆಟ್ ತೆಗೆಯುವಾಗಲೇ ಗಾಲಿಕುರ್ಚಿ ಬೇಡಿಡಿ. “ನನಗೇನಾಗೇತಿ ಗಾಲಿ ಕುರ್ಚಿ?” ಎಂದು ಅವ್ವ ಸಿಟ್ಟಾದಳು. ಕಾಲಿಗಾಗಿ ಅಲ್ಲ, ದಾರಿ ತೋರಿಸುವವರು ಒಬ್ಬರು ಜತೆಗಿರುತ್ತಾರೆ ಎಂದು ತಿಳಿಸಿದ ಮೇಲೆ ಒಪ್ಪಿದಳು. ನಿಮ್ಮ ಹೆಸರು, ಫೋನ್ ಸಂಖ್ಯೆ, ಮನೆಯ ದಾರಿ, ದಾರ್‌ನಲ್ಲಿರುವ ಭಾರತೀಯ ಹೈಕಮಿಷನ್ನಿನ ಸಂಖ್ಯೆ, ಇಷ್ಟನ್ನೂ ಕಾಗದದಲ್ಲಿ ಬರೆದು ಇಬ್ಬರ ಜೇಬಿನಲ್ಲೂ ಒಂದೊಂದು ಪ್ರತಿ ಇಡಿಸಿ.

ಗಡಿಯಾರ, ನಾಲಿಗೆ

ಇಲ್ಲಿ ಗಂಟೆ ಎಣಿಸುವುದು ಸೂರ್ಯ ಹುಟ್ಟಿದ ಮೇಲೆ. ನಮ್ಮ ಬೆಳಗಿನ ಏಳು ಇವರಿಗೆ ‘ಸಾ ಮೋಜಾ’, ಒಂದು ಗಂಟೆ. ನಮ್ಮ ಎಂಟು ಇವರ ಎರಡು. ಮೊದಲ ಸಲ ಅಪ್ಪ ನಾಲ್ಕು ಇಂಗ್ಲಿಷ್, ನಾಲ್ಕು ಸ್ವಾಹಿಲಿ ಸೇರಿಸಿ ಬಾಡಿಗೆ ಕಾರಿನವನೊಂದಿಗೆ ತಾನೇ ಮಾತಾಡಿ “ಎರಡಕ್ಕೆ ಬರ್ತಾನಂತ” ಎಂದು ಮಧ್ಯಾಹ್ನದ ತನಕ ನೆಮ್ಮದಿಯಾಗಿದ್ದ. ಕಾರಿನವ ಬೆಳಿಗ್ಗೆ ಎಂಟಕ್ಕೆ ಬಂದು ಹಾರ್ನ್ ಹೊಡೆದು, ಯಾರೂ ಹೊರಡದ್ದು ನೋಡಿ ಹೋಗಿದ್ದ. ಸ್ವಾಹಿಲಿಯಲ್ಲಿ ಹೇಳಿದ ಸಮಯಕ್ಕೆ ಆರು ತಾಸು ಕೂಡಿಸಬೇಕು ಎಂದು ಗೋಡೆಯ ಗಡಿಯಾರದ ಕೆಳಗೆ ಚೀಟಿ ಅಂಟಿಸಿ.

ಭಾಷೆ ಕಲಿಸುವುದೆಂದರೆ ದೊಡ್ಡದೇನಲ್ಲ, ಆರೇಳು ಮಾತು. ಮೊದಲನೆಯದು ‘ಶಿಕಮೂ’. ಕಿರಿಯರು ಹಿರಿಯರಿಗೆ ಹೇಳುವ ನಮಸ್ಕಾರ, ನಿಮ್ಮ ಪಾದ ಹಿಡಿಯುತ್ತೇನೆ ಎಂಬ ಅರ್ಥದಿಂದ ಬಂದದ್ದೆಂದು ಹೇಳುತ್ತಾರೆ. ಹಿರಿಯರು ‘ಮರಹಬಾ’ ಎನ್ನಬೇಕು. ಆ ಮೊದಲ ರಾತ್ರಿ ಕಾವಲಿನವ ಅಪ್ಪನಿಗೆ ಹೇಳುತ್ತಿದ್ದದ್ದು ಇದನ್ನೇ. ಉತ್ತರ ಕೊಡಲು ಕಲಿತ ಮೇಲೆ ಅಪ್ಪ ಸಂಜೆ ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಲ್ಲತೊಡಗಿದ. ಮಕ್ಕಳು ಸಾಲುಸಾಲಾಗಿ ಶಿಕಮೂ ಅನ್ನುವುದು, ಈತ ಮರಹಬಾ ಅನ್ನುವುದು. ಇಷ್ಟು ಗೌರವ ನಮ್ಮೂರಲ್ಲಿ ಎಂದೋ ಹೋಯಿತು ಎಂದ.

ಸಂಬಂಧದ ಮಾತುಗಳಲ್ಲಿ ಮಾತ್ರ ಎಚ್ಚರ. ‘ಮಾಮಾ’ ಎಂದರೆ ಇಲ್ಲಿ ತಾಯಿ. ‘ಕಾಕಾ’ ಎಂದರೆ ಅಣ್ಣ. ‘ದಾದಾ’ ಎಂದರೆ ಅಕ್ಕ! ‘ಬಾಬು’ ಎಂದರೆ ಅಜ್ಜ, ‘ಬೀಬಿ’ ಎಂದರೆ ಅಜ್ಜಿ. ಉತ್ತರ ಕರ್ನಾಟಕದವರ ಕಿವಿಗೆ ಇದು ತಲೆಕೆಳಗಾದ ಬೀಗರ ಮನೆ. ಅವ್ವನನ್ನು ಎಲ್ಲರೂ ಮಾಮಾ ಎಂದು ಕರೆದಾಗ ಅಣ್ಣನ ಮಗ ಬಿದ್ದು ಬಿದ್ದು ನಕ್ಕ. ಹಾದಿಯಲ್ಲಿ ‘ಮುಹಿಂದಿ’ ಎಂದು ಕೂಗಿದರೆ ಬೈಗುಳವಲ್ಲ, ಭಾರತೀಯ ಎಂದಷ್ಟೇ. ಆಟೋರಿಕ್ಷಾಕ್ಕೆ ಇಲ್ಲಿ ‘ಬಜಾಜಿ’ ಎಂದೇ ಹೆಸರು. ಅದನ್ನು ಮಾತ್ರ ಯಾರಿಗೂ ಕಲಿಸಬೇಕಾಗಲಿಲ್ಲ.

ಸಸ್ಯಾಹಾರಿಗಳಿಗೆ ಒಂದು ವಾಕ್ಯ ಬಾಯಿಪಾಠ ಮಾಡಿಸಿ. ‘ಸಿಲಿ ನ್ಯಾಮಾ’, ನಾನು ಮಾಂಸ ತಿನ್ನುವುದಿಲ್ಲ. ಅಷ್ಟಕ್ಕೇ ನಿಲ್ಲಿಸಿದರೆ ಕೋಳಿ ಬರುತ್ತದೆ, ಏಕೆಂದರೆ ಎಷ್ಟೋ ಮಂದಿಗೆ ಕೋಳಿ ನ್ಯಾಮಾದ ಲೆಕ್ಕಕ್ಕೆ ಬರುವುದಿಲ್ಲ. ‘ಸಿಲಿ ಕುಕು, ಸಿಲಿ ಸಮಾಕಿ’ ಎಂದು ಕೋಳಿ, ಮೀನು ಎರಡನ್ನೂ ಹೆಸರಿಟ್ಟು ಬೇಡವೆನ್ನಬೇಕು.

ಮೂರನೇ ದಿನ

ಕೆಲಸಕ್ಕೆ ಹೋಗುವ ವಾರ ಬೇಕೆಂದದ್ದು ಇದಕ್ಕೇ. ಮೊದಲೆರಡು ದಿನ ನೆಂಟರ ಉಪಚಾರ. ಮೂರನೇ ದಿನ ನಾನು ಎಂದಿನಂತೆ ಏಳೂವರೆಗೆ ಶಾಲೆಗೆ ಹೋದೆ. ಹೋಗುವ ಮೊದಲು ಅವ್ವನಿಗೆ ಒಂದು ಕಿಲೋ ‘ಎಂತಾಮಾ’ ಹಿಟ್ಟು ತೋರಿಸಿ, ಮಧ್ಯಾಹ್ನಕ್ಕೆ ರೊಟ್ಟಿ ಮಾಡು ಎಂದೆ. ಎಂತಾಮಾ ಎಂದರೆ ಜೋಳ. ಜೋಳ, ರಾಗಿ, ಅಲಸಂದೆ ಇವೆಲ್ಲ ಹುಟ್ಟಿದ್ದೇ ಆಫ್ರಿಕಾದಲ್ಲಿ, ಸಾವಿರಾರು ವರ್ಷದ ಹಿಂದೆ ನಮ್ಮ ಕಡೆ ಬಂದವು. ಅವ್ವನಿಗೆ ಆ ಇತಿಹಾಸ ಬೇಕಿರಲಿಲ್ಲ. ಹಿಟ್ಟು ಕೈಗೆ ತೆಗೆದುಕೊಂಡು “ಜಿಗಿ ಕಡಿಮಿ ಐತಿ, ಕುದಿನೀರು ಹಾಕಬೇಕು” ಎಂದಳು. ನಾನು ಊಟಕ್ಕೆ ಬಂದಾಗ ಅಂಗಳದಲ್ಲಿ ಐದು ಹೆಂಗಸರು ಕುಕ್ಕರಗಾಲಿನಲ್ಲಿ ಕೂತಿದ್ದರು. ತಟಪಟ ಸದ್ದು ಕೇಳಿ ನೆರೆಮನೆಯವಳು ‘ಹೋದಿ’, ಒಳಗೆ ಬರಲೇ, ಎಂದು ಬಾಗಿಲಲ್ಲಿ ಕೂಗಿ ಒಳಬಂದವಳು, ಉಳಿದವರನ್ನು ಕರೆತಂದಿದ್ದಳು. ದಿನಾ ಉಗಾಲಿ, ಅಂದರೆ ಇಲ್ಲಿಯ ಹಿಟ್ಟಿನ ಮುದ್ದೆ, ತಿರುವುವ ಕೈಗಳಿಗೆ ರೊಟ್ಟಿ ಬಡಿಯುವುದು ಹೊಸದು. ಮೂವರ ರೊಟ್ಟಿ ಹರಿಯಿತು, ಒಬ್ಬಳದು ದುಂಡಗೆ ಬಂತು. ಮರುದಿನ ಅವರೇ ತಮ್ಮ ಹಿಟ್ಟು ತಂದರು, ಜತೆಗೆ ‘ಮ್ಲೆಂಡಾ’. ಬೆಂಡೆಯಂತೆ ಲೋಳೆಲೋಳೆಯಾದ ಸೊಪ್ಪಿನ ಪಲ್ಯ, ಈ ಭಾಗದ ಗೋಗೊ ಜನರ ಪ್ರೀತಿಯದು. ಮುದ್ದೆ ಸೀಮೆಯವರು ಬಂದರೆ ನಿಮಗೆ ಇಷ್ಟೂ ಕೆಲಸವಿಲ್ಲ. ರಾಗಿ ಇಲ್ಲಿ ‘ಉಲೇಜಿ’, ಮುದ್ದೆಗೂ ಗಂಜಿಗೂ ಹಿಟ್ಟು ಸಂತೆಯಲ್ಲೇ ಸಿಗುತ್ತದೆ.

ಅಪ್ಪನಿಗೆ ನಿಜವಾದ ಗುದ್ದಲಿಯನ್ನೇ ಕೊಟ್ಟೆ. ಮನೆಯ ಹಿಂದೆ ನಾಲ್ಕು ಮಡಿ ಹರಿವೆ ಸೊಪ್ಪು, ಇಲ್ಲಿಯ ‘ಮ್ಚೀಚಾ’, ಕಳೆ ತುಂಬಿ ನಿಂತಿತ್ತು. ಇಲ್ಲಿಯ ಗುದ್ದಲಿಗೆ ಕಾವು ಉದ್ದ, ಬಗ್ಗದೆ ನಿಂತೇ ಅಗೆಯಬಹುದು. ಎರಡು ದಿನ ಅದನ್ನು ಬೈದ, ಮೂರನೇ ದಿನ ಊರಿಗೆ ಒಯ್ಯಲು ಬರುತ್ತದೆಯೇ ಎಂದು ಕೇಳಿದ. ಸಂಜೆ ಪಕ್ಕದ ಹೊಲದ ಮುದುಕ ಬರುತ್ತಿದ್ದ. ಇಬ್ಬರೂ ಸಜ್ಜೆ ತೆನೆ ಹಿಡಿದು, ಒಬ್ಬ ಕನ್ನಡದಲ್ಲಿ, ಒಬ್ಬ ಕಿಗೋಗೊದಲ್ಲಿ, ತಾಸುಗಟ್ಟಲೆ ಮಾತಾಡಿದರು. ಏನು ಮಾತಾಡಿದಿರಿ ಎಂದು ಕೇಳಿದೆ. “ಹಕ್ಕಿ ಕಾಟ,” ಎಂದ ಅಪ್ಪ.

ಇದರ ನಡುವೆ ಒಂದು ದಿನ ಅವರನ್ನು ನಿಮ್ಮ ಕೆಲಸದ ಜಾಗಕ್ಕೆ ಕರೆದೊಯ್ಯಿರಿ. ಮೇಲಿನವರ ಅನುಮತಿ ಕೇಳಿ, ಒಂದು ತಾಸು ಸಾಕು. ನಾನು ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ಇಬ್ಬರೂ ಕೂತರು. ವಾರ್ಡಿನಲ್ಲಿ ಫೋಟೊ ಬೇಡ, ರೋಗಿಗಳದ್ದಂತೂ ಬೇಡವೇ ಬೇಡ. ಹಾದಿಯಲ್ಲೂ ಸೇತುವೆ, ಪೊಲೀಸ್ ಠಾಣೆ, ಸೇನೆಯ ಜಾಗ, ಸರ್ಕಾರಿ ಕಟ್ಟಡಗಳ ಕಡೆ ಕ್ಯಾಮೆರಾ ತಿರುಗಿಸಬಾರದು. ಅಣ್ಣನ ಮಗನ ಫೋನು ಇದೇ ಕಾರಣಕ್ಕೆ ಅರ್ಧ ದಿನ ಒಬ್ಬ ಪೇದೆಯ ಜೇಬಿನಲ್ಲಿತ್ತು.

ನೀರಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ: ಕುದಿಸಿ ಆರಿಸಿದ್ದು ಮಾತ್ರ, ಹಲ್ಲುಜ್ಜಲೂ ಅದೇ. ದೊಡೊಮಾ ಒಣ ಸೀಮೆ, ಬಂಡೆಗುಡ್ಡ, ಕುರುಚಲು, ಥೇಟ್ ಚಿತ್ರದುರ್ಗ. ನಲ್ಲಿ ದಿನಾ ಬರುವುದಿಲ್ಲ. ಒಂದು ಬಕೆಟ್ಟಿನಲ್ಲಿ ಸ್ನಾನ ನಮ್ಮ ಹಿರಿಯರಿಗೆ ಹೊಸದಲ್ಲ, ಮೊಮ್ಮಕ್ಕಳಿಗೇ ಕಷ್ಟ.

ಸುತ್ತಾಟ ಎಷ್ಟು ಬೇಕು

ಒಂದು ಕಾಡು, ಒಂದು ಊರು. ಅಷ್ಟೇ. ಸೆರೆಂಗೆಟಿ ಹೆಸರು ದೊಡ್ಡದು, ಖರ್ಚೂ ದೊಡ್ಡದು. ಪ್ರವೇಶಕ್ಕೇ ವಿದೇಶಿಯರೊಬ್ಬರಿಗೆ ದಿನಕ್ಕೆ 70-80 ಡಾಲರ್ ಆಸುಪಾಸು, ವಾಹನ, ವಸತಿ ಬೇರೆ. ದೊಡೊಮಾ ಕಡೆಯವರಿಗೆ ಮೊರೊಗೊರೊ ದಾಟಿದರೆ ಮಿಕುಮಿ ಸಿಗುತ್ತದೆ. ಪ್ರವೇಶ ಅದರ ಅರ್ಧದಷ್ಟು, ಹೆದ್ದಾರಿಯೇ ಕಾಡಿನೊಳಗೆ ಹಾದುಹೋಗುತ್ತದೆ, ಆನೆ, ಜಿರಾಫೆ ಬಸ್ಸಿನ ಕಿಟಕಿಗೇ ಕಾಣುತ್ತವೆ. ನಿಮ್ಮ ಬಳಿ ವಾಸದ ಪರವಾನಗಿ ಇದ್ದರೆ ನಿಮಗೆ ದರ ಕಡಿಮೆ, ಮೂಲ ಪತ್ರ ಮರೆಯಬೇಡಿ. ಕೊಂಡೋವಾದ ಬಂಡೆಚಿತ್ರಗಳು ದೊಡೊಮಾ ಪ್ರಾಂತ್ಯದಲ್ಲೇ ಇವೆ, 2006ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಆದರೆ ಬಂಡೆ ಹತ್ತಬೇಕು, ಮಂಡಿನೋವಿನವರಿಗೆ ಬೇಡ.

ಅಪ್ಪ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತದ್ದು ಟಿಕೆಟ್ಟೇ ಇಲ್ಲದ ಜಾಗದಲ್ಲಿ. ನಮ್ಮ ಮನೆಗೆ ಅರ್ಧ ಮೈಲಿ ದೂರದ ಒಂದು ‘ಮ್ಬುಯು’ ಮರದ ಕೆಳಗೆ. ಸವಣೂರಿನ ಮಠದ ಆವರಣದ ದೊಡ್ಡಹುಣಸೆ ಮರ ನೋಡಿದವರಿಗೆ ಅದು ಗೊತ್ತು, ಅದೇ ಜಾತಿ. ಆಫ್ರಿಕಾದ ಮರ ಸವಣೂರಿಗೆ ಬಂದದ್ದೆಂದು ಚಿಕ್ಕಂದಿನಿಂದ ಕೇಳಿದ್ದ ಅಪ್ಪ, ಅದರ ತವರಿನಲ್ಲಿ ನಿಂತು ಕಾಂಡಕ್ಕೆ ಕೈ ಹಚ್ಚಿ ಸುತ್ತಳತೆ ಎಣಿಸಿದ. ಹದಿಮೂರು ಮಾರು.

ಸಂತೆಗೆ ಹೋದರೆ ಅವ್ವಂದಿರು ‘ಕಾಂಗಾ’ ಕೊಳ್ಳದೆ ಬರುವುದಿಲ್ಲ. ಜೋಡಿ ಬಟ್ಟೆ, ಜೋಡಿಗೆ ‘ದೋತಿ’ ಎಂದೇ ಹೆಸರು. ಅಂಚಿನಲ್ಲಿ ಒಂದು ಸ್ವಾಹಿಲಿ ಮಾತು ಅಚ್ಚಾಗಿರುತ್ತದೆ, ಕೊಳ್ಳುವ ಮೊದಲು ಓದಿಸಿ. ಬಣ್ಣಕ್ಕೆ ಮರುಳಾಗಿ ಅವ್ವ ಬೀಗಿತ್ತಿಗೆಂದು ಎತ್ತಿಕೊಂಡ ಕಾಂಗಾದ ಮೇಲೆ ಹೊಟ್ಟೆಕಿಚ್ಚಿನವರಿಗೆ ಚುಚ್ಚುವ ಮಾತಿತ್ತು. ಅಂಗಡಿಯವಳೇ ನಕ್ಕು ಬದಲಿಸಿಕೊಟ್ಟಳು.

ಹೊರಡುವಾಗ, ಹೊರಟ ಮೇಲೆ

ಹಿಂದಿನ ದಿನ ಪೆಟ್ಟಿಗೆಯನ್ನು ನೀವೇ ತೆರೆದು ನೋಡಿ. ಚಿಪ್ಪು, ಹವಳ, ದಂತ, ಚರ್ಮ ಯಾವುದೂ ಬೇಡ. ತಾಂಜನೈಟ್ ಹರಳು ಕೊಂಡಿದ್ದರೆ ರಸೀದಿ ಜತೆಗಿರಲಿ. ಬೀಜವೂ ಬೇಡ. ಅಪ್ಪ ಅಂಗಿಯ ಮಡಿಕೆಯಲ್ಲಿ ಸಜ್ಜೆ ತೆನೆಯೊಂದನ್ನು ಬಚ್ಚಿಟ್ಟಿದ್ದ. ಪರವಾನಗಿ ಇಲ್ಲದೆ ಬಿತ್ತನೆ ಬೀಜ ಭಾರತಕ್ಕೆ ಒಯ್ಯುವಂತಿಲ್ಲ ಎಂದು ತೆಗೆಸಿದೆ, ಮುಖ ಊದಿಸಿಕೊಂಡ. ಬದಲಿಗೆ ದಾರ್‌ನಲ್ಲಿ ಒಂದು ಡಬ್ಬಿ ‘ಉಬುಯು’ ಕೊಡಿಸಿದೆ, ಅದೇ ಮ್ಬುಯು ಮರದ ಹಣ್ಣಿನ ಹುಳಿಗೆ ಸಕ್ಕರೆ, ಕೆಂಪು ಬಣ್ಣ ಹಚ್ಚಿದ ಮಿಠಾಯಿ.

ಊರು ಮುಟ್ಟಿದ ಮೇಲೂ ನಿಮ್ಮ ಕೆಲಸ ಮುಗಿದಿಲ್ಲ. ಮಲೇರಿಯಾ ಗುಳಿಗೆ ಕೊನೆಯ ದಿನದ ತನಕ ನುಂಗುತ್ತಿದ್ದಾರೆಯೇ ಎಂದು ದಿನಾ ಫೋನಿನಲ್ಲಿ ಕೇಳಿ, ಮನೆ ಸೇರಿದ ಕೂಡಲೇ ಬಿಡುವವರೇ ಹೆಚ್ಚು. ಮೂರು ತಿಂಗಳ ಒಳಗೆ ಜ್ವರ ಬಂದರೆ ನೆಗಡಿ ಎಂದು ಮನೆಯಲ್ಲಿ ಕಷಾಯ ಕುಡಿದು ಕೂರಬಾರದು. ಅದೇ ದಿನ ಆಸ್ಪತ್ರೆಗೆ ಹೋಗಿ, ಬಾಗಿಲಲ್ಲೇ “ಆಫ್ರಿಕಾದಿಂದ ಬಂದಿದ್ದೇವೆ, ಮಲೇರಿಯಾಕ್ಕೆ ರಕ್ತ ನೋಡಿ” ಎಂದು ಹೇಳಬೇಕು. ಈ ಒಂದು ವಾಕ್ಯವನ್ನು ಅವರ ಕೈಯಿಂದಲೇ ಬರೆಯಿಸಿ, ಊರಿನ ಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಲು ಹೇಳಿ ಕಳಿಸಿ.